ಎರಡು ಗೇಟಿಗೂ ಬೋರ್ಡು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಬಂದವರು ಅರವತ್ತರ ಆಸುಪಾಸಿನ ಮಹಿಳೆ. ನಿದ್ದೆ ಬರುತ್ತಿಲ್ಲ, ಎದೆ ಡವಡವ ಅನ್ನುತ್ತದೆ, ಸಣ್ಣ ಮಾತಿಗೂ ರೇಗುತ್ತದೆ ಎಂಬುದು ಅವರ ದೂರು. ವೈದ್ಯರು ಪರೀಕ್ಷೆ ಮಾಡಿ, ದೇಹಕ್ಕೇನೂ ಆಗಿಲ್ಲ ಎಂದು ನನ್ನ ಹತ್ತಿರ ಕಳಿಸಿದ್ದರು. ಮೊದಲ ಅರ್ಧ ಗಂಟೆ ಬರೀ ನಿದ್ದೆಯ ಮಾತು. ಆಮೇಲೆ, "ಮನೆ ಮಾರೋಕೆ ಇಟ್ಟಿದ್ದೀವಿ ಮೇಡಂ" ಅಂದರು. ಸ್ವಲ್ಪ ತಡೆದು, "ಪಕ್ಕದ ಮನೆಯವರೂ ಇಟ್ಟಿದ್ದಾರೆ" ಅಂದರು. ಆ ಎರಡನೇ ಮಾತಿಗೆ ಅವರ ಧ್ವನಿಯೇ ಬದಲಾಯಿತು.

ಎರಡೂ ಒಂದೇ ನಕ್ಷೆಯ ಜೋಡಿ ಮನೆಗಳು. ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷದ ನೆರೆಹೊರೆ. ಪಕ್ಕದ ಮನೆಯಾಕೆಯನ್ನು ಇವರು ಅಕ್ಕ ಅಂತಲೇ ಕರೆಯುತ್ತಿದ್ದರು. ಮಂಡಿ ನೋವಿನಿಂದ ಮೆಟ್ಟಿಲು ಹತ್ತುವುದು ಕಷ್ಟವಾಗಿ, ನೆಲಮಟ್ಟದ ಸಣ್ಣ ಮನೆಗೆ ಹೋಗೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿದಾಗ ಮೊದಲು ಹೇಳಿದ್ದು ಅಕ್ಕನಿಗೇ. ಎಷ್ಟಕ್ಕೆ ಕೊಡಬೇಕೆಂದಿದ್ದೇವೆ ಅಂತಲೂ ಹೇಳಿದರು. ಎರಡು ವಾರದೊಳಗೆ ಅಕ್ಕನ ಗೇಟಿಗೂ ಬೋರ್ಡು ಬಿತ್ತು. ಬೆಲೆ ಇವರದಕ್ಕಿಂತ ಕಡಿಮೆ.

"ನನ್ನ ಬಾಯಿಂದಲೇ ರೇಟು ಕೇಳ್ಕೊಂಡು, ಅದಕ್ಕಿಂತ ಕಮ್ಮಿ ಹಾಕಿದ್ರು. ಹೀಗೂ ಮಾಡ್ತಾರಾ ಮೇಡಂ?"

ಅಂದಿನಿಂದ ಮಾತು ಬಿಟ್ಟಿದ್ದರು.

ಮುಂದಿನ ಭೇಟಿಗೆ ಒಂದು ನೋಟ್‌ಬುಕ್ ತಂದಿದ್ದರು. ಗೆರೆ ಎಳೆದು ಅಚ್ಚುಕಟ್ಟಾಗಿ ಕಾಲಂ ಮಾಡಿದ್ದರು. ಅಕ್ಕನ ಮನೆಗೆ ಯಾವತ್ತು ಯಾರು ಬಂದರು, ಎಷ್ಟು ಜನ, ಕಾರೋ ಬೈಕೋ, ಎಷ್ಟು ಹೊತ್ತು ಇದ್ದರು, ಹೋಗುವಾಗ ಇವರ ಮನೆ ಕಡೆ ನೋಡಿದರೋ ಇಲ್ಲವೋ. ಒಂದು ಸಾಲಿನಲ್ಲಿ "ಇಬ್ಬರು, 40 ನಿಮಿಷ, ಮಹಡಿಗೂ ಹೋದರು" ಅಂತಿತ್ತು. ಕೆಳಗೆ ಎರಡು ಗೆರೆ. ಆ 40 ನಿಮಿಷ ಇವರು ನಡುಗೋಡೆಗೆ ಕಿವಿಗೊಟ್ಟು ನಿಂತಿದ್ದರಂತೆ. ನಿದ್ದೆ ಎಲ್ಲಿಂದ ಬರಬೇಕು? ಹಗಲೆಲ್ಲ ಕಾವಲು ಕಾದ ಮನಸ್ಸು ರಾತ್ರಿ ದೀಪ ಆರಿಸಿದ ಕೂಡಲೇ ಸುಮ್ಮನಾಗುವುದಿಲ್ಲ.

ಇಂಥ ಪ್ರಕರಣಗಳಲ್ಲಿ ಮೂರು ಸಂಕಟ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮನೆ ಬಿಟ್ಟು ಹೋಗುವ ದುಃಖ. ನಂಬಿದವರು ಕೈಕೊಟ್ಟರು ಎಂಬ ನೋವು. ದುಡ್ಡು ಕಡಿಮೆ ಆದೀತು ಎಂಬ ಭಯ. ಮೂರನ್ನೂ ಬಿಡಿಸದೆ ಬೆಲೆ ನಿರ್ಧರಿಸಲು ಕೂತರೆ ನೋವೂ ದುಃಖವೂ ಸೇರಿ ಆ ಬೆಲೆಯನ್ನು ಏರಿಸುತ್ತವೆ. ಈ ಮನೆಯಲ್ಲಿ ಆಗಿದ್ದೂ ಅದೇ. ಅಕ್ಕನ ಬೋರ್ಡು ಬಿದ್ದ ಮೇಲೆ ಇವರು ಬೆಲೆ ಇಳಿಸಲಿಲ್ಲ, ಹಠಕ್ಕೆ ಬಿದ್ದು ಇನ್ನೂ ಸ್ವಲ್ಪ ಏರಿಸಿದ್ದರು. "ನಮ್ಮದು ಅವರದಕ್ಕಿಂತ ಚೆನ್ನಾಗಿದೆ ಅಂತ ಗೊತ್ತಾಗಲಿ" ಎಂಬುದು ಕಾರಣ.

ಏನು ಚೆನ್ನಾಗಿದೆ ಎಂದು ಕೇಳಿದೆ. ಅಡುಗೆಮನೆಗೆ ತಾವೇ ಆರಿಸಿದ ಟೈಲ್ಸು, ಯಜಮಾನರು ರಜೆಯಲ್ಲಿ ಕೂತು ತಾವೇ ಮಾಡಿದ ಮರದ ಪುಸ್ತಕದ ಕಪಾಟು. ನೋಡಲು ಬಂದ ಹುಡುಗಿಯೊಬ್ಬಳು ಆ ಕಪಾಟಿನ ಮುಂದೆ ನಿಂತು, "ಇದನ್ನ ತೆಗೆಸಬಹುದಾ ಆಂಟಿ?" ಅಂದಳಂತೆ. ಅದನ್ನು ಹೇಳುತ್ತ ಅತ್ತರು. ಅವತ್ತು ನಾವು ಬೆಲೆಯ ಮಾತು ಮುಂದುವರಿಸಲಿಲ್ಲ. ಕಪಾಟಿನ ಬಗ್ಗೆ ಮಾತಾಡಿದೆವು.

ಅದರ ನಂತರದ ಭೇಟಿಯಲ್ಲಿ, "ನನಗೊಬ್ಬಳಿಗೇ ಹೀಗಾ?" ಎಂದು ಅವರೇ ಕೇಳಿದರು. ಆಗ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಡೇನಿಯಲ್ ಕಾನ್ಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ್ದು. ಕೆಲವರ ಕೈಗೆ ಸಾಧಾರಣ ಕಾಫಿ ಮಗ್ ಕೊಟ್ಟು, ಎಷ್ಟಾದರೆ ಮಾರುತ್ತೀರಿ ಎಂದು ಕೇಳಿದರು. ಮಗ್ ಇಲ್ಲದವರನ್ನು, ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದರು. ಕೈಯಲ್ಲಿ ಇದ್ದವರು ಕೇಳಿದ ಬೆಲೆ, ಕೊಳ್ಳುವವರು ಹೇಳಿದ್ದರ ಹೆಚ್ಚುಕಡಿಮೆ ಎರಡು ಪಟ್ಟು. ಆಗತಾನೇ ಕೈಗೆ ಬಂದ ಮಗ್ಗಿಗೇ ಹೀಗಾದರೆ ಇಪ್ಪತ್ತು ವರ್ಷ ಬಾಳಿದ ಮನೆಗೆ ಎಷ್ಟಾಗಬೇಡ? ಇದನ್ನು ಕೇಳಿ ಅವರಿಗೆ ನಿಜವಾಗಿ ಹಗುರಾಯಿತು. ತಮ್ಮದು ದುರಾಸೆ ಎಂದು ಒಳಗೊಳಗೇ ಅಂಜುತ್ತಿದ್ದರು. ದುರಾಸೆ ಏನಿಲ್ಲ. ತನ್ನದು ಅನ್ನಿಸಿದ್ದನ್ನು ಬಿಟ್ಟುಕೊಡುವ ಸಂಕಟ ಅದು.

ಯಜಮಾನರದ್ದು ಬೇರೆ ಗಂಟು. ಅವರೂ ಒಮ್ಮೆ ಬಂದು ಕೂತರು. ಮನೆಗೆ ಕೊಟ್ಟ ದುಡ್ಡು, ರಿಪೇರಿಗೆ ಹಾಕಿದ್ದು, ಕಟ್ಟಿದ ಬಡ್ಡಿ ಎಲ್ಲ ಕೂಡಿಸಿ ಒಂದು ಮೊತ್ತ ಬರೆದಿಟ್ಟಿದ್ದರು. ಅದಕ್ಕಿಂತ ಒಂದು ರೂಪಾಯಿ ಕಡಿಮೆಯಾದರೂ ನಷ್ಟ ಎಂಬುದು ಅವರ ಲೆಕ್ಕ. ಇದೂ ಎಲ್ಲೆಡೆ ಇರುವಂಥದ್ದೇ. ಅಮೆರಿಕದ ಬಾಸ್ಟನ್ನಿನ ಮನೆ ಮಾರಾಟಗಳನ್ನು ಪರಿಶೀಲಿಸಿ ಡೇವಿಡ್ ಜೆನೆಸೊವ್ ಮತ್ತು ಕ್ರಿಸ್ಟಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ತೋರಿಸಿದ್ದು ಇದನ್ನೇ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದವರು ಉಳಿದವರಿಗಿಂತ ಜಾಸ್ತಿ ಬೆಲೆ ಹೇಳುತ್ತಿದ್ದರು. ಅವರ ಮನೆ ಜಾಸ್ತಿ ದಿನ ಮಾರಾಟವಾಗದೆ ಉಳಿಯುತ್ತಿತ್ತು. ಮಾರಿದಾಗ ಸ್ವಲ್ಪ ಹೆಚ್ಚಿಗೆ ಸಿಕ್ಕಿದ್ದೂ ನಿಜ, ಅದನ್ನೂ ಮುಚ್ಚಿಡದೆ ಹೇಳಿದೆ. ಕಾಯುವ ಶಕ್ತಿ ಇದ್ದವರಿಗೆ ಅದು ಒಂದು ದಾರಿಯೇ. ಪ್ರಶ್ನೆ ಇಷ್ಟೇ: ದಿನಾ ಮೆಟ್ಟಿಲು ಹತ್ತಿ ಇಳಿಯುವ ಆ ಮಂಡಿ ಎಷ್ಟು ದಿನ ಕಾಯಬಲ್ಲದು? ಯಜಮಾನರು ಸುಮಾರು ಹೊತ್ತು ಹೆಂಡತಿಯ ಮುಖ ನೋಡಿದರು. ಇಬ್ಬರೂ ಈ ಪ್ರಶ್ನೆಯನ್ನು ಒಟ್ಟಿಗೆ ಕೂತು ಕೇಳಿಕೊಂಡೇ ಇರಲಿಲ್ಲ.

ಇಲ್ಲಿ ನನ್ನ ಮಿತಿ ಹೇಳಬೇಕು. ಮನೆಯ ಬೆಲೆ ಕಟ್ಟುವುದು ನನ್ನ ಕೆಲಸವಲ್ಲ. ಕಮಿಷನ್ ಮೇಲೆ ಬದುಕದ ಮೌಲ್ಯಮಾಪಕರನ್ನು ಕರೆಸಿ, ಪತ್ರಗಳಿಗೆ ವಕೀಲರನ್ನು ನೋಡಿ ಎಂದು ಹೇಳಿ ಕಳಿಸಿದೆ. ಆದರೆ ಬೆಲೆಯ ಸುತ್ತ ಮನಸ್ಸು ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ನನ್ನ ಕೆಲಸ. ಆ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಅಕ್ಕನ ಬೋರ್ಡಿನಲ್ಲಿರುವುದು ಅವರು ಕೇಳುವ ಬೆಲೆ. ಸಿಗುವ ಬೆಲೆ ಬೇರೆ. ಸುತ್ತಮುತ್ತ ಇತ್ತೀಚೆಗೆ ನಿಜವಾಗಿ ನೋಂದಣಿಯಾದ ಮನೆಗಳು ಎಷ್ಟಕ್ಕೆ ಹೋದವು ಎಂಬುದೇ ಆಧಾರ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕೂ ಅದನ್ನು ನೋಡುತ್ತದೆ.

ಇನ್ನೊಂದನ್ನು ಅವರು ಯೋಚಿಸಿಯೇ ಇರಲಿಲ್ಲ. ಒಂದೇ ನಕ್ಷೆಯ ಎರಡು ಮನೆ ಪಕ್ಕಪಕ್ಕ ಇದ್ದು, ಒಂದಕ್ಕೆ ಸುಮ್ನೆ ಜಾಸ್ತಿ ಬೆಲೆ ಇದ್ದರೆ, ಆ ಜಾಸ್ತಿ ಬೆಲೆ ಪಕ್ಕದ ಮನೆಯನ್ನು ಅಗ್ಗವಾಗಿ ಕಾಣಿಸುತ್ತದೆ. ಬ್ರೋಕರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಮೊದಲು ದುಬಾರಿಯದ್ದನ್ನು ತೋರಿಸಿ, ಆಮೇಲೆ ಇನ್ನೊಂದಕ್ಕೆ ಕರೆದುಕೊಂಡು ಹೋಗುವವರು ಇದ್ದಾರೆ. "ನೀವು ಹಠಕ್ಕೆ ಏರಿಸಿದ ಬೆಲೆ ಅಕ್ಕನ ಮನೆ ಮಾರಿಕೊಡ್ತಿದೆ ಅಲ್ವಾ?" ಎಂದೆ. ಆ ಮಾತು ತಾಗಿತು. ಎರಡೂ ಮನೆಯನ್ನು ಒಬ್ಬನೇ ಬ್ರೋಕರ್ ತೋರಿಸುತ್ತಿದ್ದಾನೆ ಎಂಬುದೂ ಆಗಲೇ ಹೊರಬಂತು. ತಪ್ಪೆಂದೇನಲ್ಲ, ಆದರೆ ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಬ್ರೋಕರ್‌ಗೆ ಬೇಗ ಮುಗಿಯುವ ವ್ಯವಹಾರ ಮುಖ್ಯ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಅಮೆರಿಕದ ಮಾರಾಟಗಳನ್ನು ನೋಡಿ ಕಂಡುಕೊಂಡಿದ್ದು ಹೀಗಿದೆ: ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ, ಗಿರಾಕಿಗಳ ಮನೆ ಮಾರುವಾಗಿಗಿಂತ ಸುಮಾರು 10 ದಿನ ಜಾಸ್ತಿ ಕಾಯುತ್ತಿದ್ದರು, ಶೇ. 3.7ರಷ್ಟು ಜಾಸ್ತಿ ಬೆಲೆ ಪಡೆಯುತ್ತಿದ್ದರು. ಹಾಗಾಗಿ "ಇವತ್ತೇ ಇಳಿಸಿ" ಎಂದು ಬ್ರೋಕರ್ ಅವಸರ ಮಾಡಿದರೆ ಅವತ್ತೇ ಉತ್ತರ ಕೊಡಬೇಡಿ, ಒಂದು ರಾತ್ರಿ ಕಳೆಯಲಿ ಎಂದೆ.

ಬೆಲೆಯೊಂದನ್ನೇ ಹಿಡಿದು ಜಗ್ಗಾಡಬೇಡಿ ಅಂತಲೂ ಹೇಳಿದೆ. ಒಂದೇ ನಮೂನೆಯ ಮನೆಗಳಲ್ಲಿ ಕೊಳ್ಳುವವರು ಹುಡುಕುವುದು ವ್ಯತ್ಯಾಸವನ್ನು. ಪತ್ರಗಳೆಲ್ಲ ಕೈಯಲ್ಲಿ ಸಿದ್ಧವಿದೆಯಾ, ಯಾವಾಗ ಖಾಲಿ ಮಾಡಿಕೊಡುತ್ತೀರಿ, ಗೋಡೆಯಲ್ಲಿ ತೇವ ಇದೆಯಾ. ಇವರ ಮಹಡಿಯ ಬಚ್ಚಲಿನ ಪೈಪು ಸೋರಿ ಕೆಳಗಿನ ಸೀಲಿಂಗಿನಲ್ಲಿ ಕಲೆ ಬಿದ್ದಿತ್ತು. ಮಾರುವ ಮನೆಗೆ ಖರ್ಚು ಯಾಕೆ ಎಂದು ಬಿಟ್ಟಿದ್ದರು. ಈ ಮನೆಯೊಂದೇ ಮಾರಾಟಕ್ಕಿದ್ದರೆ ಆ ಕಲೆ ಅಷ್ಟು ಕಣ್ಣಿಗೆ ಬೀಳುತ್ತಿರಲಿಲ್ಲವೋ ಏನೋ. ಪಕ್ಕದಲ್ಲೇ ಅಂಥದ್ದೇ ಸೀಲಿಂಗು ಬೆಳ್ಳಗೆ ಇರುವಾಗ ಬಿದ್ದೇ ಬೀಳುತ್ತದೆ. ಪೈಪು ಸರಿಮಾಡಿಸಿ, ಬರೀ ಬಣ್ಣ ಬಳಿದು ಮುಚ್ಚಬೇಡಿ, ಕೇಳಿದವರಿಗೆ ಏನಾಗಿತ್ತು ಅಂತ ಹೇಳಿ ಎಂದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ನೋಡಲು ಬಂದವರ ಹತ್ತಿರ ಪಕ್ಕದ ಮನೆಯ ಬಗ್ಗೆ ಒಂದು ಮಾತೂ ಆಡಬಾರದು. ಇವರು ಅದಾಗಲೇ ಶುರು ಮಾಡಿದ್ದರು: "ಆ ಮನೆಯಲ್ಲಿ ನೀರಿನ ಒತ್ತಡ ಕಮ್ಮಿ." ಅದರಿಂದ ಕೊಳ್ಳುವವರಿಗೆ ಎರಡೂ ಮನೆಯ ಮೇಲೆ ಅನುಮಾನ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ವರ್ಷದ ನಂಟನ್ನು ಅಂಥ ಮಾತು ಸುಡುತ್ತದೆ. ಮನೆ ಮಾರಿದ ಮೇಲೂ ಈ ಇಬ್ಬರು ಹೆಂಗಸರು ಇರುತ್ತಾರಲ್ಲ.

ನೋಟ್‌ಬುಕ್ ಒಮ್ಮೆಲೇ ಬಿಡಿಸಲಿಲ್ಲ. ಬರೆಯುವುದಿದ್ದರೆ ದಿನಕ್ಕೊಂದು ಸಲ, ಸಂಜೆ, ನೆನಪಿದ್ದಷ್ಟು ಬರೆಯಿರಿ, ಕಿಟಕಿ ಹತ್ತಿರ ಹೋಗಬೇಡಿ ಎಂದೆ. ಗೇಟಿನ ಸದ್ದು ಕೇಳಿದರೆ ಎದ್ದು ಹಿಂದಿನ ಅಂಗಳಕ್ಕೆ ಹೋಗಬೇಕು. ಮೊದಲ ವಾರ ತುಂಬ ಕಷ್ಟಪಟ್ಟರು. ಆಮೇಲೆ ಬರೆಯಲು ಏನೂ ಉಳಿಯಲಿಲ್ಲ.

ಅಕ್ಕನ ಜೊತೆ ಮಾತಾಡುವ ವಿಷಯ ಬಂದಾಗ, ನ್ಯಾಯ ಕೇಳಲು ಹೋಗಬೇಡಿ ಎಂದೆ. "ಯಾಕೆ ಹೀಗೆ ಮಾಡಿದ್ರಿ" ಎಂದು ಶುರು ಮಾಡಿದರೆ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. ನಾವು ಒಂದು ಮಾತು ಅಭ್ಯಾಸ ಮಾಡಿದೆವು: "ಅಕ್ಕ, ನೀವು ನನಗೆ ಹೇಳದೆ ಬೋರ್ಡು ಹಾಕಿದಾಗ ತುಂಬ ಬೇಜಾರಾಯ್ತು. ನಿಮಗೇನಾದರೂ ಅವಸರ ಇದೆಯಾ?" ಇಬ್ಬರೂ ಸೇರಿ ಒಂದೇ ಬೆಲೆಗೆ ನಿಲ್ಲೋಣ ಅಂತ ಒಪ್ಪಂದ ಮಾಡಿಕೊಳ್ಳಬಹುದಾ ಎಂದು ಅವರು ಕೇಳಿದರು. ಬೇಡ ಎಂದೆ. ಇಬ್ಬರ ಅಗತ್ಯ ಬೇರೆ ಇರುವಾಗ ಅಂಥ ಒಪ್ಪಂದ ಮೊದಲ ಗಟ್ಟಿ ಗಿರಾಕಿ ಬಂದ ದಿನವೇ ಮುರಿಯುತ್ತದೆ, ಆಗ ಎರಡನೇ ಸಲ ನಂಬಿಕೆ ಹೋಗುತ್ತದೆ.

ಮಾತಾಡಿ ಬಂದರು. ಅಕ್ಕನ ಮನೆಯವರ ವ್ಯಾಪಾರದಲ್ಲಿ ಸಾಲವಾಗಿತ್ತು. ತೀರಿಸಲು ಗಡುವು ಇತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. "ನಿನ್ನ ರೇಟಿಗೆ ನಿಂತರೆ ನನಗೆ ಹೊತ್ತಿಗೆ ಆಗಲ್ಲ ಅನ್ನಿಸ್ತು ಕಣೇ" ಅಂದರಂತೆ. ಹೇಳದೆ ಮಾಡಿದ್ದು ತಪ್ಪೇ, ಅಕ್ಕನೂ ಅದನ್ನು ಒಪ್ಪಿಕೊಂಡರು. ಆದರೆ ಈಗ ಚಿತ್ರ ಸ್ಪಷ್ಟವಾಯಿತು. ಅಕ್ಕನಿಗೆ ದಿನಾಂಕ ಮುಖ್ಯ, ಇವರಿಗೆ ಮೊತ್ತ ಮುಖ್ಯ. ಹೀಗಿರುವಾಗ ಅಕ್ಕನ ಬೆಲೆಯನ್ನು ಬೆನ್ನಟ್ಟಿ ಇಳಿಯುವ ಅಗತ್ಯ ಇವರಿಗಿರಲಿಲ್ಲ. ಆದರೆ ಅಕ್ಕನ ಮನೆ ಕಡಿಮೆಗೆ ಹೋದರೆ ಅದೇ ಬೆಲೆಯನ್ನು ಹಿಡಿದು ಮುಂದಿನವರು ಚೌಕಾಸಿ ಮಾಡುತ್ತಾರೆ, ಅದೂ ನಿಜ. ಎರಡರಲ್ಲೂ ತೂಕ ಇದೆ. ಗಂಡ ಹೆಂಡತಿ ಕೂತು ಮೂರು ವಿಷಯ ಬರೆದರು: ಮೌಲ್ಯಮಾಪಕರು ಹೇಳಿದ್ದಕ್ಕೆ ಹತ್ತಿರದ ಬೆಲೆ, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಗೆರೆ, ಎಷ್ಟು ತಿಂಗಳು ಕಾಯುತ್ತೇವೆ ಎಂಬ ಮಿತಿ. ಹಠಕ್ಕೆ ಏರಿಸಿದ್ದನ್ನು ತೆಗೆದುಹಾಕಿದರು.

ಅಕ್ಕನ ಮನೆ ಮೊದಲು ಹೋಯಿತು. ಅದನ್ನು ಕೊಳ್ಳಲು ಬಂದು ಕೈತಪ್ಪಿಸಿಕೊಂಡಿದ್ದ ಒಂದು ಕುಟುಂಬ, ಅಂಥದ್ದೇ ಮನೆ ಬೇಕು ಎಂದು ಇವರ ಬಾಗಿಲಿಗೆ ಬಂತು. ವ್ಯವಹಾರ ಕುದುರಿತು. ಮೊದಲು ಹೇಳಿದ್ದಕ್ಕಿಂತ ಕಡಿಮೆ ಸಿಕ್ಕಿತು, ಎಳೆದುಕೊಂಡ ಗೆರೆಗಿಂತ ಮೇಲೆಯೇ ಇತ್ತು. ಯಜಮಾನರಿಗೆ ಅವರ ಲೆಕ್ಕದ ಮೊತ್ತ ಬರಲಿಲ್ಲ ಎಂಬ ಕೊರಗು ಈಗಲೂ ಇದೆ.

ನಿದ್ದೆ ಮಾತ್ರ ಮಾರಾಟಕ್ಕೆ ಮುಂಚೆಯೇ ಸುಧಾರಿಸಿತ್ತು. ಹೊಸ ಮನೆಗೆ ಹೋದ ಮೇಲೂ ಅವರು ತಿಂಗಳಿಗೊಮ್ಮೆ ಬರುತ್ತಾರೆ. ಹಳೆಯ ಮನೆ ಬಿಟ್ಟ ದುಃಖದ ಮೇಲೆ ಇನ್ನೂ ಕೆಲಸ ಮಾಡುತ್ತಿದ್ದೇವೆ.