ಹವ್ಯಾಸ ಒಂದಿರಬೇಕಾ, ಹತ್ತಿರಬೇಕಾ? ಪ್ರಶ್ನೆಯೇ ಅದಲ್ಲ

ಸಂದರ್ಶನಕ್ಕೆ ಕರೆ ಬಂದಿದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ಆಸಕ್ತಿಗಳಿವೆ, "ನಿಮ್ಮ ಬಗ್ಗೆ ಹೇಳಿ" ಅಂದಾಗ ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ. ಇದೇ ಲೆಕ್ಕಾಚಾರ ಹಾಕಿ ಕೆಟ್ಟವನು ನಾನು. ಆದ್ದರಿಂದ ಕಥೆ ಮೊದಲು, ಸಲಹೆ ಆಮೇಲೆ.

ನಮ್ಮದು ಮದ್ದೂರು ತಾಲ್ಲೂಕು. ನನಗೆ ಆಗಲೂ ಈಗಲೂ ಇರುವ ಹುಚ್ಚುಗಳು ಇಷ್ಟು: ಊರೂರು ಸುತ್ತಿ ವೀರಗಲ್ಲು, ಶಾಸನ ನೋಡುವುದು. ರೇಡಿಯೊದಲ್ಲಿ ಟೆಸ್ಟ್ ಮ್ಯಾಚ್ ಕಾಮೆಂಟರಿ ಕೇಳುವುದು. ಅವರೆಕಾಯಿ ಕಾಲ ಬಂತೆಂದರೆ ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆ ಹಾರಿಸುತ್ತಾ ಹಿತಕಿದ ಬೇಳೆ ಸಾರಿಗೆ ಕೂರುವುದು. ಮನೆಯಲ್ಲಿ ಇದಕ್ಕೆಲ್ಲ ಹವ್ಯಾಸ ಅಂತ ಯಾರೂ ಹೆಸರಿಟ್ಟಿರಲಿಲ್ಲ. "ಕೆಲಸ ಇಲ್ಲ ಇವನಿಗೆ" ಅನ್ನುತ್ತಿದ್ದರು.

ಒಂದು ಸರ್ಕಾರಿ ಹುದ್ದೆಗೆ ಅರ್ಜಿ ತುಂಬುವಾಗ ಹವ್ಯಾಸಗಳ ಕಾಲಂ ಬಂತು. ನಾನು "ವೀರಗಲ್ಲು" ಅಂತ ಬರೆಯಲು ಹೋದರೆ ರೂಮಿನ ಗೆಳೆಯರು ಬಿದ್ದು ಬಿದ್ದು ನಕ್ಕರು. "ಕಲ್ಲು ನೋಡ್ತೀನಿ ಅಂತ ಬರೀತೀಯೇನೋ? ಅಲ್ಲಿರೋರೂ ನಗ್ತಾರೆ." ಸರಿ, ಎಲ್ಲರೂ ಬರೆಯುವುದನ್ನೇ ಬರೆದೆ. ಪಕ್ಷಿ ವೀಕ್ಷಣೆ, ಅಂಚೆಚೀಟಿ ಸಂಗ್ರಹ, ಪುಸ್ತಕ ಓದುವುದು, ಯೋಗ. ಪಕ್ಷಿ ಯಾಕೆ ಅಂದರೆ ಕೊಕ್ಕರೆಬೆಳ್ಳೂರು ನಮ್ಮ ತಾಲ್ಲೂಕಿನಲ್ಲೇ ಇದೆ, ಕೇಳಿದರೆ ಹೇಗೋ ಸಂಭಾಳಿಸಬಹುದು ಅನ್ನೋ ಧೈರ್ಯ. ತಯಾರಿಯನ್ನೂ ಜೋರಾಗಿಯೇ ಮಾಡಿದೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ಬಂದದ್ದು 1947ರ ನವೆಂಬರ್ 21ರಂದು, ಅದರ ಮೇಲೆ ರಾಷ್ಟ್ರಧ್ವಜ, ಬೆಲೆ ಮೂರೂವರೆ ಆಣೆ. ರಾಜ್ಯದ ಪಕ್ಷಿ ನೀಲಕಂಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಮಂಡಳಿಯಲ್ಲಿ ಒಬ್ಬರು ಮೇಡಂ ಇದ್ದರು, ತುಂಬಾ ಸಮಾಧಾನದ ಮುಖ. ರಾಜ್ಯದ ಪಕ್ಷಿ ಯಾವುದು ಅಂತ ಕೇಳಿದರು. ಹೇಳಿದೆ. "ಕೊನೆಯ ಸಲ ಎಲ್ಲಿ ನೋಡಿದ್ರಿ?" ಅಂದರು.

"ರಂಗನತಿಟ್ಟಿನಲ್ಲಿ ಮೇಡಂ. ಬಂಡೆ ಮೇಲೆ ಗೂಡು ಕಟ್ಟಿತ್ತು."

ಈ ಉತ್ತರದಲ್ಲಿ ಏನೇನು ತಪ್ಪಿದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಕೆಲಸ ಹೋಗಿದ್ದು ಇಲ್ಲೇ. ನೀಲಕಂಠ ನೋಡಲು ಯಾವ ಪಕ್ಷಿಧಾಮಕ್ಕೂ ಹೋಗಬೇಕಿಲ್ಲ. ಬಯಲುಸೀಮೆಯ ಹೊಲಗಳ ಪಕ್ಕ ಕರೆಂಟ್ ತಂತಿ ಮೇಲೆ ಕೂತಿರುತ್ತದೆ. ಕೂತಾಗ ಮಂಕು ಕಂದು ಬಣ್ಣವೇ ಜಾಸ್ತಿ ಕಾಣೋದು. ಮಿಡತೆ ಕಂಡು ಕೆಳಗೆ ಹಾರಿತು ನೋಡಿ, ರೆಕ್ಕೆ ಬಿಚ್ಚಿದ ತಕ್ಷಣ ಆ ನೀಲಿ! ಗೂಡು ಮಾಡುವುದು ಮರದ ಪೊಟರೆಯಲ್ಲಿ, ನದಿ ನಡುವಿನ ಬಂಡೆ ಮೇಲೆ ಅಲ್ಲ. ದಿನಾ ಬಸ್ಸಿನ ಕಿಟಕಿಯಿಂದ ಆ ಹಕ್ಕಿ ನನ್ನ ಕಣ್ಣಿಗೆ ಬಿದ್ದೇ ಇರಬೇಕು, ಆದರೆ ನಾನು ನೋಡಿದ್ದು ಗೈಡಿನ ಚಿತ್ರ ಮಾತ್ರ. ಪಕ್ಷಿ ಅಂದರೆ ರಂಗನತಿಟ್ಟು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಅದೂ ಹೋಗಲಿ, "ಗೂಡು ಕಟ್ಟಿತ್ತು" ಅಂತ ಯಾರಾದರೂ ಕೇಳಿದ್ದರಾ? ಇಲ್ಲ. ಸುಳ್ಳು ನಂಬಿಸೋಕೆ ನಾನಾಗಿಯೇ ಒಗ್ಗರಣೆ ಹಾಕಿದ್ದು. ಎಲ್ಲಿ ನೋಡಿದೆ ಅಂತ ನೆನಪಿಲ್ಲ ಮೇಡಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವರು ನಗಲಿಲ್ಲ, ಬೈಯಲೂ ಇಲ್ಲ. ಮುಂದಿನ ಪ್ರಶ್ನೆ ಕೇಳಿದರು. ಕೊಕ್ಕರೆಬೆಳ್ಳೂರಿಗೆ ಬಣ್ಣದ ಕೊಕ್ಕರೆ ಜೊತೆ ಇನ್ನೊಂದು ದೊಡ್ಡ ಹಕ್ಕಿ ಬರುತ್ತಲ್ಲ, ಯಾವುದದು? ಹೆಜ್ಜಾರ್ಲೆ. ಕೊಕ್ಕಿನ ಕೆಳಗೆ ಚೀಲ ಇರುವ ಹಕ್ಕಿ, ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತದೆ, ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಜನ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಆ ಊರಿನಲ್ಲಿ ನಮ್ಮ ನೆಂಟರಿದ್ದಾರೆ, ಆ ಮರದ ವಾಸನೆ ಕೂಡ ನನಗೆ ಗೊತ್ತು. ಬಾಯಿಗೆ ಹೆಸರು ಬರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಅರ್ಜಿ ನೋಡಿ, "ಮದ್ದೂರು ತಾಲ್ಲೂಕು ಅಂದ್ರೆ ಆತಕೂರು ನಿಮ್ಮ ಕಡೆಯದೇ ಅಲ್ವಾ?" ಅಂದರು. ಹಳೆಯ ಶಾಸನದ ಕಲ್ಲೊಂದಕ್ಕೆ ಹೆಸರಾದ ಊರು ಅದು, ನನಗೆ ಅರ್ಧ ಗಂಟೆ ಮಾತಾಡಲು ವಿಷಯ ಸಿಕ್ಕಿತ್ತು. ಆದರೆ ಆಗಲೇ ಸಿಕ್ಕಿಬಿದ್ದಿದ್ದೆ, ಅರ್ಜಿಯಲ್ಲಿ ಶಾಸನದ ಸುದ್ದಿಯೇ ಇಲ್ಲ, ಈಗ ಇದನ್ನು ತೆಗೆದರೆ ಇದೂ ಬುರುಡೆ ಅಂದುಕೊಳ್ಳುತ್ತಾರೆ ಅನ್ನಿಸಿತು. "ಹೌದು ಸರ್, ಹತ್ತಿರದಲ್ಲೇ" ಅಂದೆ. ಅಷ್ಟೇ. ಅವರು ಪೆನ್ನು ಕೆಳಗಿಟ್ಟರು.

ಅವತ್ತು ಹೇಳದೇ ಉಳಿದದ್ದನ್ನು ಇಲ್ಲಾದರೂ ಹೇಳಿಬಿಡುತ್ತೇನೆ. ಆತಕೂರಿನ ಕಲ್ಲು 10ನೇ ಶತಮಾನದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಗಿ ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಕಡೆ ಇದ್ದವನು ಗಂಗರ ಬೂತುಗ, ಬೂತುಗನ ಬಂಟ ಮಣಲೆರ. ಮೆಚ್ಚಿ ಏನು ಬೇಕು ಕೇಳು ಅಂತ ಒಡೆಯ ಅಂದರೆ, ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು! ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಕೊನೆಗೆ ನಾಯಿ ಹಂದಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಜಮೀನು ಬಿಟ್ಟು, ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಬರೆಸಿದ್ದಾರೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರು ಕಚ್ಚಾಡುವ ಕೆತ್ತನೆ ಇದೆ. ಇದನ್ನು ಬಿಟ್ಟು ನಾನು "ಯೋಗ" ಅಂತ ಬರೆದಿದ್ದೆ ನೋಡಿ.

ಈಗ ನಿಮ್ಮ ವಿಷಯ. ಒಂದಾ ಹಲವಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಆಸಕ್ತಿಗಳಿಗೆ ಒಂದಕ್ಕೊಂದು ಸಂಬಂಧ ಇರಬೇಕು ಅಂತ ಯಾರು ಹೇಳಿದರು? ಕಲ್ಲಿಗೂ ಅವರೆಬೇಳೆಗೂ ಏನು ಸಂಬಂಧ? ನಾನೇ ಸಂಬಂಧ. ನೋಡಬೇಕಾದ್ದು ಬೇರೆ: ಯಾರೂ ಹೇಳದೆ ಕೇಳದೆ ನೀವು ಅದನ್ನು ಇತ್ತೀಚೆಗೆ ಮಾಡಿದ್ದೀರಾ? "ಕೊನೆಯ ಸಲ ಯಾವಾಗ, ಎಲ್ಲಿ" ಅಂದರೆ ಯೋಚಿಸದೆ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಇಟ್ಟುಕೊಳ್ಳಿ, ಎಷ್ಟೇ ವಿಚಿತ್ರವಾಗಿದ್ದರೂ. ಇಲ್ಲವಾದರೆ ಎಷ್ಟೇ ಮರ್ಯಾದಸ್ಥ ಹವ್ಯಾಸವಾದರೂ ಬಿಡಿ. ಅದರಲ್ಲೂ ಗೆಳೆಯರು ನಗುತ್ತಾರೆ ಅಂತ ಬಿಟ್ಟದ್ದಿದ್ದರೆ ಅದನ್ನೇ ಮೊದಲು ಬರೆಯಿರಿ.

ಹೇಳುವಾಗ ಪಟ್ಟಿ ಓದಬೇಡಿ. ಒಂದನ್ನು ಬಿಡಿಸಿ ಹೇಳಿ, ಉಳಿದವನ್ನು ಒಂದೇ ಉಸಿರಲ್ಲಿ ಮುಗಿಸಿ. ಈಗ ನಾನು ಹೀಗೆ ಹೇಳುತ್ತೇನೆ: "ರಜೆ ಸಿಕ್ಕರೆ ವೀರಗಲ್ಲು ಹುಡುಕಿಕೊಂಡು ಹೋಗ್ತೀನಿ. ಸವೆದ ಅಕ್ಷರ ಮಧ್ಯಾಹ್ನ ಕಾಣಲ್ಲ, ಅದಕ್ಕೆ ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ ಹೋಗ್ತೀನಿ, ಇಲ್ಲಾಂದ್ರೆ ಪಕ್ಕದಿಂದ ಟಾರ್ಚ್ ಹಿಡೀತೀನಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯೋದು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಅಡುಗೆ, ಕ್ರಿಕೆಟ್ ಕಾಮೆಂಟರಿ ಕೂಡ ಇಷ್ಟ." ಟಾರ್ಚ್ ಮಾತು ಬಂದಾಗಲೇ ಎದುರಿನವರ ಮುಖ ಬದಲಾಗುವುದು. ಬಹಳ ಸಲ ಅವರೇ "ನಮ್ಮ ಊರ ಕೆರೆ ಏರಿ ಹತ್ತಿರಾನೂ ಅಂಥದ್ದೊಂದು ಕಲ್ಲಿದೆ" ಅಂತ ಶುರು ಮಾಡುತ್ತಾರೆ. (ನಿಮ್ಮ ಊರಲ್ಲೂ ಇದ್ದರೆ ದಯವಿಟ್ಟು ಸುಣ್ಣ ಬಳಿಯಲು ಬಿಡಬೇಡಿ.)

ಹಾಗಂತ ಇದರಿಂದಲೇ ಕೆಲಸ ಸಿಗುತ್ತದೆ ಅಂದುಕೊಳ್ಳಬೇಡಿ. ಈಗಿನ ಖಾಸಗಿ ಕೆಲಸ ನನಗೆ ಸಿಕ್ಕಿದ್ದು ಲೆಕ್ಕಪತ್ರ ಗೊತ್ತಿದ್ದರಿಂದ, ಶಾಸನದಿಂದ ಅಲ್ಲ. ಹವ್ಯಾಸ ಕೆಲಸ ಕೊಡಿಸುವುದು ಕಮ್ಮಿ, ಸುಳ್ಳು ಹವ್ಯಾಸ ಮಾತ್ರ ಕೆಲಸ ಕಳೆಯುತ್ತದೆ. ಯಾಕೆಂದರೆ ಒಂದು ಸುಳ್ಳು ಹಿಡಿದ ಮೇಲೆ ಅವರು ನಿಮ್ಮ ನಿಜವನ್ನೂ ಅನುಮಾನದಿಂದಲೇ ನೋಡುತ್ತಾರೆ, ಅದಕ್ಕಿಂತ ಹೆಚ್ಚಾಗಿ ನಿಮಗೇ ನಿಜ ಹೇಳೋಕೆ ಧೈರ್ಯ ಸಾಲಲ್ಲ.

ಸಂದರ್ಶನ ಮುಂದಿನ ವಾರ ಅಂದಿದ್ದೀರಿ. ಅರ್ಜಿಯಲ್ಲಿ ಈಗಾಗಲೇ ಏನಾದರೂ ಸುಮ್ನೆ ಬರೆದುಬಿಟ್ಟಿದ್ದರೆ ಗೈಡ್ ಓದುತ್ತಾ ಕೂರಬೇಡಿ, ಹೋಗಿ ಒಂದು ಸಲವಾದರೂ ಅದನ್ನು ಮಾಡಿ ಬನ್ನಿ. ಪಕ್ಷಿ ಅಂತ ಬರೆದಿದ್ದರೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಕರೆಂಟ್ ತಂತಿ ನೋಡುತ್ತಾ ಹೋಗಿ. ಕೇಳಿದರೆ "ಹೊಸದಾಗಿ ಶುರು ಮಾಡಿದ್ದೀನಿ, ಇಷ್ಟು ಮಾತ್ರ ನೋಡಿದ್ದೀನಿ" ಅನ್ನಿ. ಯೋಗ ಅಂತ ಬರೆದಿದ್ದರೆ ನನ್ನ ಹತ್ತಿರ ಉಪಾಯ ಇಲ್ಲ, ಪದ್ಮಾಸನ ಹಾಕಿ ತೋರಿಸಿ ಅಂದರೆ ಏನು ಮಾಡ್ತೀರೋ ನೀವೇ ನೋಡಿಕೊಳ್ಳಿ.