ಸಿಂಗಾಪುರದಲ್ಲಿ ಚೀನೀ ಹೊಸವರ್ಷಕ್ಕೆ ಹೋಗುವಾಗ

ಸಹೋದ್ಯೋಗಿ ಹಬ್ಬದ ಎರಡನೇ ದಿನ ಮನೆಗೆ ಕರೆದಿದ್ದಾರೆ, ಏನು ಒಯ್ಯಲಿ, ಸಸ್ಯಾಹಾರಿಗಳಾದ ನಮಗೆ ಊಟ ಹೇಗೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ.

ಕಿತ್ತಳೆ ಹಣ್ಣು ಒಯ್ಯಿರಿ. ಒಂದೇ ಒಂದು ಬೇಡ, ಜೋಡಿಯಾಗಿ ಎರಡು. ಒಳಗೆ ಹೋದ ಕೂಡಲೇ ಮನೆಯ ಹಿರಿಯರಿಗೆ ಎರಡೂ ಕೈಯಲ್ಲಿ ಕೊಡಿ. ಹೊರಡುವಾಗ ಅವರೂ ಎರಡು ಹಣ್ಣು ಕೊಡುತ್ತಾರೆ, ಬೇಡ ಅನ್ನಬೇಡಿ. ಗಡಿಯಾರ ಮಾತ್ರ ಉಡುಗೊರೆ ಕೊಡಬೇಡಿ, ಅಶುಭ ಅಂತ ನಂಬಿಕೆ.

ನಿಮಗೆ ಮದುವೆ ಆಗಿದೆ ಅಲ್ವಾ? ಹಾಗಾದರೆ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಸ್ವಲ್ಪ ದುಡ್ಡು ಕೊಡಬೇಕು. ಹೊಸ ನೋಟು, ಸಮಸಂಖ್ಯೆ ಇರಲಿ, 4 ಬೇಡ. ನಮ್ಮಲ್ಲಿ ಮುಯ್ಯಿಗೆ ಒಂದು ರೂಪಾಯಿ ಸೇರಿಸುತ್ತೇವಲ್ಲ, ಇಲ್ಲಿ ಹಾಗೆ ಮಾಡಬಾರದು. ಬಟ್ಟೆ ಕೆಂಪೋ ಹಳದಿಯೋ ಆದರೆ ಚೆಂದ, ಕಪ್ಪು ಬೇಡ.

ಊಟದ ವಿಷಯ ಈಗಲೇ ಹೇಳಿಬಿಡಿ, ಸಂಕೋಚ ಬೇಡ. ಬೌದ್ಧ ಮನೆಗಳಲ್ಲಿ ಸಸ್ಯಾಹಾರ ಹೊಸದಲ್ಲ. 'ಯು ಶೆಂಗ್' ಅನ್ನೋ ಸಲಾಡ್‌ಗೆ ಹಸಿ ಮೀನು ಹಾಕುತ್ತಾರೆ, ಮೀನಿಲ್ಲದೆಯೂ ಮಾಡುತ್ತಾರೆ. ತುರಿದ ಕ್ಯಾರೆಟ್, ಮೂಲಂಗಿ, ಕಡಲೆಬೀಜದ ಪುಡಿ, ಮೇಲೆ ಪ್ಲಮ್ ಸಾಸ್. ಎಲ್ಲರೂ ಎದ್ದು ನಿಂತು, ಚಾಪ್‌ಸ್ಟಿಕ್‌ನಲ್ಲಿ ಮೇಲಕ್ಕೆ ಹಾರಿಸುತ್ತಾ ಜೋರಾಗಿ ಶುಭ ಕೋರುತ್ತಾರೆ. ಎತ್ತರ ಹಾರಿದಷ್ಟೂ ಅದೃಷ್ಟ ಜಾಸ್ತಿಯಂತೆ. ಮೇಜೆಲ್ಲಾ ಚೆಲ್ಲಿದರೂ ಯಾರೂ ಬೈಯಲ್ಲ, ನೀವೂ ಧಾರಾಳವಾಗಿ ಹಾರಿಸಿ!