ಕಡಲತೀರ ಪಕ್ಕದಲ್ಲೇ ಇದ್ದರೂ ಕಾರವಾರದಲ್ಲಿ ಎಲ್ಲರೂ ಏಕೆ ವಾಕಿಂಗ್ ಹೋಗುವುದಿಲ್ಲ?

ಜಾಗವಿದ್ದ ಮಾತ್ರಕ್ಕೆ ಕಾಲು ತಾನಾಗಿ ಹೊರಡುವುದಿಲ್ಲ. ಮನಸ್ಸು, ಮನೆ, ಊರು ಮೂರೂ ಅನುವು ಮಾಡಿಕೊಡಬೇಕು.

ನಾನು ಮೊದಲಿಗೆ ಇಡುವುದು ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ದಣಿದಿದ್ದರೂ, ಜೊತೆಗಾರರು ಬಾರದಿದ್ದರೂ ಹೊರಡಬಲ್ಲೆ ಎನ್ನುವವರ ಅಭ್ಯಾಸ ಉಳಿಯುತ್ತದೆ. ಉಪದೇಶಕ್ಕಿಂತ ಸಣ್ಣ ಗುರಿಯೊಂದನ್ನು ಮುಟ್ಟಿದ ಅನುಭವವೇ ಈ ನಂಬಿಕೆಯನ್ನು ಹೆಚ್ಚು ಬೆಳೆಸುತ್ತದೆ. ವಯಸ್ಸು, ಮಂಡಿನೋವು, ಆದಾಯಗಳ ಪಾತ್ರವೂ ಇದೆ.

ಮನೆಯ ವಿಷಯದಲ್ಲಿ ಹೆಣ್ಣುಮಕ್ಕಳ ಪಾಡು ಬೇರೆಯೇ. ಗಂಡಸರು ತೀರದಲ್ಲಿ ನಡೆಯುವ ಬೆಳಗಿನ ಹೊತ್ತಿಗೇ ಅವರಿಗೆ ಅಡುಗೆಮನೆಯ ಕೆಲಸ. ಬುಟ್ಟಿ ಹೊತ್ತು ಮೀನು ಮಾರುವವರಿಗಂತೂ ದಿನವಿಡೀ ದುಡಿಮೆ; ಅವರು ಸಂಜೆ ನಡೆಯಲು ಬರುವುದಿಲ್ಲ ಎಂದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಹೊರಗಿನ ಅಡ್ಡಿಗಳಲ್ಲಿ ಮಳೆಯೇ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಕ್ಕುತ್ತದೆ, ರಸ್ತೆ ಜಾರುತ್ತದೆ. ಆಗ ಮುರಿದ ಅಭ್ಯಾಸ ಮಳೆ ನಿಂತ ಮೇಲೂ ಸುಲಭವಾಗಿ ಮರಳುವುದಿಲ್ಲ. ಪೇಟೆಗೂ ಟ್ಯಾಗೋರ್ ಕಡಲತೀರಕ್ಕೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಇದೆ. ಹಿರಿಯರಿಗೆ ಅದನ್ನು ದಾಟುವುದೇ ಅಳುಕು. ದೀಪ, ಕಾಲುದಾರಿ, ಬೀದಿನಾಯಿಗಳ ಭಯ ಇವೂ ಲೆಕ್ಕಕ್ಕೆ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ನನ್ನ ಸಲಹೆ: ಮಳೆಗಾಲಕ್ಕೆಂದು ಜಗುಲಿಯಲ್ಲೇ ಮಾಡಬಹುದಾದ ವ್ಯಾಯಾಮವೊಂದನ್ನು ಮೇ ತಿಂಗಳಲ್ಲೇ ಆರಂಭಿಸಿ, ನೆರೆಯವರೊಬ್ಬರನ್ನು ಜೊತೆಗೆ ಕರೆಯಿರಿ.